ಹೊಗೆಯ ಮರೆಯಲ್ಲಿ

"ಮಾವ, ಗಾಬರಿಯಾಗ್ಬೇಡಿ, ನಾನು ಬಂದೆ," ಎಂದಳು ಪಕ್ಕದ ಕಂಪ್ಯೂಟರಿನ ಮುಂದೆ ಕೂತಿದ್ದ ಸೊಸೆ. ಆಟದ ಬಟ್ಟಬಯಲಿನಲ್ಲಿ ಮಾವನ ಟ್ಯಾಂಕಿನ ಚೈನು ಕಳಚಿಬಿದ್ದಿತ್ತು. ಗುಡ್ಡದ ಮೇಲಿನ ಶತ್ರು ಗುರಿ ಹಿಡಿಯುತ್ತಿದ್ದ. ರಿಪೇರಿಗೆ ಯಾವ ಗುಂಡಿ ಒತ್ತಬೇಕೆಂದು ಮಾವನಿಗೆ ಗೊತ್ತಿತ್ತು; ಲಕ್ವ ಹೊಡೆದ ಬಲಗೈ ಮಾತು ಕೇಳುತ್ತಿರಲಿಲ್ಲ.

"ನನ್ನ ಕಟ್ಕೊಂಡ್ರೆ ನೀನೂ ಸಾಯ್ತೀಯ. ಹೋಗಮ್ಮ."

ಸೊಸೆ ಹೋಗಲಿಲ್ಲ. ತನ್ನ ಟ್ಯಾಂಕನ್ನು ಅಡ್ಡ ತಂದು, ತನಗೆಂದು ಉಳಿಸಿಕೊಂಡಿದ್ದ ಕೊನೆಯ ಹೊಗೆಗುಂಡುಗಳನ್ನು ಗುಡ್ಡದ ಕಡೆಗೆ ಹಾರಿಸಿದಳು. ದಟ್ಟ ಹೊಗೆ ಎದ್ದು ಗುಡ್ಡವೇ ಮರೆಯಾಯಿತು. "ಈಗ ನೀವು ಯಾರಿಗೂ ಕಾಣಲ್ಲ. ನಿಧಾನವಾಗಿ ಮಾಡಿ."

ಮಾವ ಕಾಯಿಲೆ ಬಿದ್ದಂದಿನಿಂದ ಮನೆಗೆ ಬಂದವರೆಲ್ಲ ಅವರ ಕೈಯಲ್ಲಿದ್ದ ಲೋಟವನ್ನೋ ಬಾಚಣಿಗೆಯನ್ನೋ ಕಿತ್ತುಕೊಂಡು ಕೆಲಸ ತಾವೇ ಮುಗಿಸಿಬಿಡುತ್ತಿದ್ದರು. ಸೊಸೆ ಅವರ ಕೀಲಿಮಣೆಯತ್ತ ಕೈ ಚಾಚಲಿಲ್ಲ. ಮಾವನ ಬೆರಳು ತಡವರಿಸುತ್ತಾ ಗುಂಡಿ ಹುಡುಕಿತು, ಒತ್ತಿತು. ಚೈನು ಕೂಡಿಕೊಂಡಿತು. ಅವರ ಟ್ಯಾಂಕ್ ಹಿಂದೆ ಸರಿದು ಬಂಡೆಯ ಮರೆ ಸೇರುವಷ್ಟರಲ್ಲಿ, ಹೊಗೆಯಾಚೆ ಶತ್ರುವಿನ ಕಣ್ಣೆದುರೇ ಉಳಿದಿದ್ದ ಸೊಸೆಯ ಟ್ಯಾಂಕ್ ಗುಂಡು ತಗುಲಿ ಹೊತ್ತಿ ಉರಿಯಿತು.

"ನಿಂದು ಹೋಯ್ತಲ್ಲಮ್ಮ."

"ಹೋಗ್ಲಿ ಬಿಡಿ. ನೀವಿದ್ದೀರಲ್ಲ, ಆಡಿ."

ಮಾವ ಪರದೆಯಿಂದ ಕಣ್ಣು ಕಿತ್ತು ಅವಳನ್ನು ನೋಡಿದರು. "ನೀನು ಕಾದ್ಯಲ್ಲ ಮಗಳೇ," ಎಂದರು, "ಅದಕ್ಕೇ ನನ್ನ ಕೈಲಿ ಆಯ್ತು."