ಅಮ್ಮ ಒಪ್ಪಿದ ಗಂಡು

ಆತ ಮತ್ತೆ ಕ್ಯಾಕರಿಸಿದ. ಗಂಟಲಿನ ತಳದಿಂದ ಎಳೆದು ತಂದು ಜರೀಗಿಡದ ಮೇಲೆ ಥೂ ಎಂದು ಉಗಿದ. ಹಿಂದೆ ಏದುಸಿರು ಬಿಡುತ್ತ ಏರುತ್ತಿದ್ದ ಅವಳು ಆ ಗಿಡವನ್ನು ಬಳಸಿ ದಾಟಿದಳು. ಲ್ಯಾಬಿನಲ್ಲಿ ದಿನವಿಡೀ ಕಂಡವರ ಕಫ ಪರೀಕ್ಷಿಸುವವಳು ಅವಳು. ಅದಾದರೂ ಮುಚ್ಚಳ ಹಾಕಿದ ಡಬ್ಬಿಯಲ್ಲಿ ಬರುತ್ತಿತ್ತು.

“ಜಲಪಾತ ನೋಡೋ ನೆಪದಲ್ಲಿ ಒಂದು ದಿನ ಜೊತೆಗಿದ್ದು ಬಾ,” ಎಂದಿದ್ದಳು ಅಮ್ಮ. “ನನಗಂತೂ ಒಪ್ಪಿಗೆ. ಆದ್ರೆ ನೀನು ಬೇಡ ಅಂದ್ರೆ ಬೇಡ, ಅಲ್ಲಿಗೇ ಮುಗೀತು.” ಅಪ್ಪ ಹೋದಮೇಲೆ ಅಮ್ಮ ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ. ಆ ದಾಕ್ಷಿಣ್ಯಕ್ಕೆ ಸಿಕ್ಕಿ, ಅಮ್ಮನ ಓರಗೆಯ ಈ ಗಡಿಯಾರ ರಿಪೇರಿಯವನ ಬೆನ್ನು ನೋಡುತ್ತ ಅವಳು ಕಾಡು ಹತ್ತಬೇಕಾಗಿತ್ತು.

ಬೆನ್ನೋ, ಬೆವರಲ್ಲಿ ತೊಯ್ದು ಹುಳಿನಾತ ಹೊಡೆಯುತ್ತಿತ್ತು. ಬಂಡೆಯ ಮೇಲೆ ಕೂತು ಆತ ಸೌತೆಕಾಯಿ ಕಚ್ಚಿದ, ಚಪ್ಪರಿಸಿದ, ಉಳಿದರ್ಧ ಅವಳತ್ತ ಚಾಚಿದ.

“ತಿನ್ನಿ, ಎಳೇದು.”

ಕಚ್ಚಿದ ಕಡೆ ಎಂಜಲು ಹೊಳೆಯುತ್ತಿತ್ತು. “ಹಸಿವಿಲ್ಲ,” ಎಂದಳು.

ಆತ ತನ್ನ ಕಾಲ್ಚೀಲದೊಳಗಿನ ಜಿಗಣೆ ಕಿತ್ತು ಬೆರಳಿನಿಂದ ಕಲ್ಲಿಗೆ ಅರೆದ. ಅದೇ ಬೆರಳಿನಿಂದ ಹಲ್ಲುಸಂದಿಯ ಬೀಜ ತೆಗೆದ. ಇವನೊಂದಿಗೆ ಒಂದೇ ಮನೆ, ಒಂದೇ ಬಚ್ಚಲು! ಮೇಲೆ ತಲುಪಿದೊಡನೆ ಬೇಡ ಎಂದುಬಿಡುವುದು, ಅಷ್ಟೆ.

ಕೊನೆಯ ಏರಿನಲ್ಲಿ ಪಾಚಿಗೆ ಅವಳ ಕಾಲು ಜಾರಿತು. ಕೆಳಗೆ ಕಮರಿ. ಆತ ಒಂದು ಕೈಯಲ್ಲಿ ಅವಳ ಮಣಿಕಟ್ಟು ಹಿಡಿದ. ಇನ್ನೊಂದಕ್ಕೆ ಆಸರೆಯಾಗಿ ಸಿಕ್ಕಿದ್ದು ಮುಳ್ಳಿನ ಬಳ್ಳಿ. ಅವಳ ಕಾಲು ನೆಲೆ ಕಾಣುವವರೆಗೂ ಎರಡನ್ನೂ ಬಿಡಲಿಲ್ಲ. ಅವಳು ನಿಂತೊಡನೆ ಕೈಬಿಟ್ಟು, ರಕ್ತ ಸೋರುವ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮುಂದೆ ನಡೆದ. ಹತ್ತು ಹೆಜ್ಜೆ ಹೋಗಿ ಮತ್ತೆ ಕ್ಯಾಕರಿಸಿದ.

ಜಲಪಾತದ ಎದುರು ಅವಳೇ ಬಾಯಿಬಿಟ್ಟಳು. “ನೇರವಾಗಿ ಹೇಳ್ತೀನಿ. ನಿಮ್ಮನ್ನ ನೋಡಿದ್ರೆ ನನಗೆ ಹೇಸಿಗೆ ಆಗುತ್ತೆ.”

ಆತ ತಲೆ ತಗ್ಗಿಸಿದ. “ಒಂಟಿ ಬಾಳು. ಹೇಳೋರು ಕೇಳೋರು ಯಾರೂ ಇರಲಿಲ್ಲ. ತಿದ್ದಿಕೊಳ್ತೀನಿ. ಆದ್ರೂ ಬೇಡ ಅಂದ್ರೆ, ನಿಮ್ಮ ಮನೆ ಕಡೆ ತಲೆ ಹಾಕಿಯೂ ಮಲಗಲ್ಲ.”

ಅವಳು ಆತನ ಅಂಗೈಯ ಮುಳ್ಳುಗಾಯಗಳತ್ತ ನೋಡಿದಳು. ಹೇಸಿಗೆಯೇನೂ ಕಡಿಮೆಯಾಗಿರಲಿಲ್ಲ.

“ಉಗಿಯೋದು ಇವತ್ತಿಗೇ ನಿಲ್ಲಬೇಕು,” ಎಂದಳು ಕೊನೆಗೆ. “ಕೆಳಗಿಳಿದ ಮೇಲೆ ಅಮ್ಮನಿಗೆ ನೀವೇ ಹೇಳಿ, ಮಗಳು ಒಪ್ಪಿದ್ದಾಳೆ, ಇನ್ನು ನೀನು ನನ್ನನ್ನ ಮದುವೆ ಆಗಬಹುದು ಅಂತ.”