ಇಪ್ಪತ್ತೈದು ಡಾಲರು

ಕಾರ್ಡು ಎರಡನೇ ಸಲವೂ ನಡೆಯಲಿಲ್ಲ. ಪರದೆಯ ಮೇಲೆ ಕೆಂಪಕ್ಷರದ ಅದೇ ಸಾಲು. ಪ್ರಭುಲಿಂಗಪ್ಪನವರು ಟೋಪಿ ತೆಗೆದು ಹಣೆ ಒರೆಸಿಕೊಂಡರು. ಗಂಟೆ ನಾಲ್ಕೂಕಾಲು. ಐದಕ್ಕೆ ಇಂಟರ್ನೆಟ್ಟಿನ ಫೋಟೋ ಪುಟ ಅಳಿಸಿಹೋಗುವುದಿತ್ತು.

"ಇದು ಬರೇ ಎಟಿಎಂ ಕಾರ್ಡ್ ಐತ್ರಿ ಸಾವಕಾರ್ರ. ಡಾಲರ್ ಕೇಳೋ ಕಡೆ ನಡ್ಯಂಗಿಲ್ಲ," ಎಂದ ಸೈಬರ್ ಕೆಫೆಯ ಶಮಶೇರಸಾಬ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಮಾಡುವ ಪ್ರಭುಲಿಂಗಪ್ಪನವರಿಗೆ ಹಣದ ಕೊರತೆಯಿರಲಿಲ್ಲ. ಕೈಚೀಲದಲ್ಲಿ ನೋಟಿನ ಕಟ್ಟುಗಳೇ ಇದ್ದವು. ಬೇಕಿದ್ದದ್ದು ಇಪ್ಪತ್ತೈದು ಡಾಲರು. ಆದರೆ ಅಮೆರಿಕದ ಆ ಫೋಟೋ ಕಂಪನಿಗೆ ನೋಟು ತೆಗೆದುಕೊಳ್ಳುವ ಕಿಟಕಿಯೇ ಇಲ್ಲ. ಡಿಡಿ ಕಳಿಸಿದರೆ ಮುಟ್ಟಲು ಮೂರು ವಾರ ಎಂದು ಬ್ಯಾಂಕಿನವರು ಕೈತೊಳೆದುಕೊಂಡಿದ್ದರು. ಬ್ಯಾಡಗಿಯಲ್ಲೂ ಕಂಪ್ಯೂಟರ್ ಅಂಗಡಿಗಳಿದ್ದವು. ಅಲ್ಲಿ ಎಲ್ಲರೂ ಗುರುತಿನವರು. ಅದಕ್ಕೇ ಬಸ್ಸು ಹತ್ತಿ ರಾಣೆಬೆನ್ನೂರಿಗೆ ಬಂದಿದ್ದರು.

"ಯಾರ ಫೋಟೋ ಅದಾವ್ರಿ?"

"ಮಗಳದು. ಒಬ್ಬಾಕಿನ ಇದ್ಲು."

ಶಮಶೇರಸಾಬ ಎಟಿಎಂ ಕಾರ್ಡನ್ನು ಒರೆಸಿ ವಾಪಸು ಕೊಟ್ಟ.

ಮೂರು ವರ್ಷದ ಹಿಂದೆ ಸ್ನೇಹಾಳ ತಿಥಿ ಮಾಡಿ ಓಣಿಗೆಲ್ಲ ಊಟ ಹಾಕಿದ್ದರು. ಕಣ್ಣಿಗೆ ಬೀಳಬಾರದೆಂದು ಅವಳ ಬಟ್ಟೆಬರೆ ಕೊಟ್ಟುಬಿಟ್ಟು, ಫೋಟೋಗಳನ್ನೆಲ್ಲ ತಾವೇ ಒಲೆಗೆ ಹಾಕಿದ್ದರು. ಹೆಂಡತಿ ಸುರೇಖಾ ಮಗಳ ಹೆಸರೆತ್ತಿ ಅತ್ತರೆ ಎದ್ದು ಹೊರಗೆ ಹೋಗುತ್ತಿದ್ದರು. ಗಟ್ಟಿ ಮನುಷ್ಯ ಎಂದು ಪೇಟೆಯೆಲ್ಲ ಹೊಗಳಿತು. ಹೊಗಳುವವರ ಗಂಟೇನು ಹೋಗುತ್ತದೆ? ಒಲೆ ಆರಿದ ಮರುದಿನದಿಂದಲೇ ಅವರಿಗೆ ಮಗಳ ಮುಖ ನೋಡಬೇಕೆಂಬ ಸಂಕಟ ಹತ್ತಿಕೊಂಡಿತ್ತು. ಯಾರ ಮುಂದೆ ಹೇಳುವುದು?

ಎಂಟು ದಿನದ ಹಿಂದೆ ಅಂಗಡಿಯ ಇಮೇಲಿಗೆ ಒಂದು ನೋಟಿಸು ಬಂತು. ಕಾಲೇಜಿನಲ್ಲಿದ್ದಾಗ ಸ್ನೇಹಾ ಮನೆಯ ಹಳೆಯ ಫೋಟೋಗಳನ್ನು ಸ್ಕ್ಯಾನ್ ಮಾಡಿ ಆ ಪುಟದಲ್ಲಿ ಇಟ್ಟಿದ್ದಳು. ತನ್ನ ಇಮೇಲ್ ವಿಳಾಸದ ಜೊತೆಗೆ ಅಂಗಡಿಯದನ್ನೂ ಕೊಟ್ಟಿದ್ದಳು. ವರ್ಷದ ಚಂದಾ ಕಟ್ಟದಿದ್ದರೆ ಎಲ್ಲವೂ ಅಳಿಯುತ್ತದೆ. ಯಾರು ಬೇಕಾದರೂ ಕಟ್ಟಬಹುದು. ಅವಳ ಮುಖ ಉಳಿದಿದ್ದದ್ದು ಅಲ್ಲೊಂದೇ ಕಡೆ.

"ಸಾಬ್ರ, ನಿಮ್ಮದು ಕ್ರೆಡಿಟ್ ಕಾರ್ಡ್ ಐತಲ್ರಿ? ರೊಕ್ಕ ಈಗ ಕೊಡ್ತೇನಿ. ದುಪ್ಪಟ್ಟು ತಗೊಳ್ರಿ."

"ರೊಕ್ಕದ ಮಾತಲ್ರಿ. ನಂಬರ್ ಹೊರದೇಶಕ್ಕ ಕೊಟ್ಟು ಕೈ ಸುಟ್ಕೊಂಡೋರ್ನ ನೋಡೇನಿ. ಅಂಜಿಕಿ ಬರ್ತೈತಿ."

ಪ್ರಭುಲಿಂಗಪ್ಪನವರು ಕೈಮುಗಿದರು. ಪೇಟೆಯಲ್ಲಿ ಯಾರ ಮುಂದೆಯೂ ಮುಗಿಯದ ಕೈ ಅದು. "ಆಕಿ ಮಾರಿ ಮರತ ಹೊಂಟೈತ್ರಿ ನನಗ. ಹುಬ್ಬು ಹೆಂಗಿದ್ವು ಅಂತ ಖರೇನ ನೆನಪಾಗವಲ್ದು."

ನಾಲ್ಕೂ ಐವತ್ತಕ್ಕೆ ಶಮಶೇರಸಾಬ ಕಿಸೆಯಿಂದ ಕಾರ್ಡು ತೆಗೆದ. ಅಂಕಿಗಳನ್ನು ಒಂದೊಂದಾಗಿ ಒತ್ತಿದ. ಕೊನೆಗೆ ಪರದೆ ಇನ್ನೊಂದು ಪ್ರಶ್ನೆ ಕೇಳಿತು.

"ಡಾಲರಿನ್ಯಾಗ ಕೊಟ್ರ ದರ ಬ್ಯಾಂಕಿನವ್ರು ಆಮ್ಯಾಲೆ ಹಾಕ್ತಾರ. ರೂಪಾಯಿನ್ಯಾಗ ಕೊಟ್ರ ಸ್ವಲ್ಪ ತುಟ್ಟಿ, ಆದ್ರ ದರ ಈಗ ಪಕ್ಕಾ. ಪುಟದ ಇಮೇಲಿಗೆ ಹೋಗೋ ರಸೀದಿಯೊಳಗ ಈ ಊರಿನ ಹೆಸರೂ ಬರ್ತೈತ್ರಿ. ಯಾವ್ದು ಒತ್ಲಿ?"

ದರ ಪಕ್ಕಾ ಆಗದೆ ಚೀಲ ಎತ್ತಿಸುವ ದಲಾಲಿ ಬ್ಯಾಡಗಿಯಲ್ಲಿ ಹುಡುಕಿದರೂ ಸಿಗುವುದಿಲ್ಲ. ಮೂವತ್ತು ವರ್ಷದ ರೂಢಿ ಬಾಯಿಗೆ ಬಂತು. ರಸೀದಿಯ ಮಾತು ಕಿವಿಗೆ ಬೀಳಲೇ ಇಲ್ಲ.

"ದರ ಪಕ್ಕಾ ಇರೋದ ಒತ್ರಿ. ಲಗೂ ಒತ್ರಿ. ನನ್ನ ಹೆಸರು ಮಾತ್ರ ಬ್ಯಾಡ."

ಹಣ ಸಂದಾಯವಾಯಿತು. ಐದಕ್ಕೆ ಮೂರು ನಿಮಿಷ ಇತ್ತು.

ಫೋಟೋಗಳು ನಿಧಾನಕ್ಕೆ ತೆರೆದುಕೊಂಡವು. ಎರಡು ಜಡೆಯ ಸ್ನೇಹಾ. ಅಂಗಡಿಯ ತಕ್ಕಡಿಯಲ್ಲಿ ಕುಳಿತ ಸ್ನೇಹಾ. ಕಾಗಿನೆಲೆಗೆ ಹೋದಾಗ ಅಪ್ಪನ ಟೋಪಿ ಹಾಕಿಕೊಂಡ ಸ್ನೇಹಾ. ಪ್ರಭುಲಿಂಗಪ್ಪನವರು ಬಾಯಿಗೆ ಹೆಗಲ ಮೇಲಿನ ವಲ್ಲಿ ಒತ್ತಿಕೊಂಡು ಅತ್ತರು. ಶಮಶೇರಸಾಬ ತನ್ನ ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿಕೊಂಡ.

ಒಂದು ತಾಸಾದರೂ ಅವರು ಏಳಲಿಲ್ಲ. ಮತ್ತೆ ಮೊದಲಿನಿಂದ ನೋಡುತ್ತಿದ್ದರು. ಆಗ ಫೋಟೋದ ಕೆಳಗೆ ಹೊಸದಾಗಿ ಎರಡು ಸಾಲು ಮೂಡಿದವು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಓದಲಾಗದೆ ಶಮಶೇರಸಾಬನನ್ನು ಕರೆದರು. ಅವನು ಬಗ್ಗಿ ಓದಿದ:

"ಅಪ್ಪಾ, ರಾಣೆಬೆನ್ನೂರಿಂದ ಚಂದಾ ಕಟ್ಟಿದಾವ ನೀನ ಏನು? ಬ್ಯಾರೆ ಜಾತಿಯಾವನ್ನ ಲಗ್ನಾದ್ನಿ ಅಂತ ಬದುಕಿರೂವಾಗ್ಲೇ ನನ್ನ ತಿಥಿ ಮಾಡಿದಿ. ಫೋಟೋ ಯಾಕಪ್ಪ, ನಾ ಪುಣೇದಾಗ ಅದೇನಿ, ಬಾ."