ಮರಳುಮೂಟೆ ಹೇರಿದ ದಿನ

ಶೆಡ್ಡಿನಲ್ಲಿ ಎರಡು ವರ್ಷ ಹೆಣಗಿ ಕಟ್ಟಿದ ವಿಮಾನ. ಮರದ ರೆಕ್ಕೆ ಮಾಡಿಕೊಟ್ಟ ಆಚಾರಿಗೇ ಮೊದಲ ಸವಾರಿಯ ಮರ್ಯಾದೆ ಎಂದು ಯಜಮಾನರು ಶಾಲು ಹೊದಿಸಿಬಿಟ್ಟರು. ದಾಕ್ಷಿಣ್ಯಕ್ಕೆ ಬಸಿರಾದಂತೆ ಅವನು ಹತ್ತಿ, ವಿಮಾನ ಹಾರಿಸಲು ಕೂತಿದ್ದ ಯಜಮಾನರ ಪಕ್ಕದಲ್ಲಿ ಕೂತ.

ಕೆಳಗಿನ ತೆಂಗಿನಮರಗಳು ಪೊರಕೆಕಡ್ಡಿಯಷ್ಟಾದಾಗ ಅವನ ಜೀವ ಬಾಯಿಗೆ ಬಂತು. ಎಡಗಡೆ ರೆಕ್ಕೆಯಿಂದ ಕಣ್ಣು ಕೀಳಲಾಗಲಿಲ್ಲ.

“ಸಾರ್, ಇಳಿಸಿಬಿಡಿ.”

“ಯಾಕ್ರೀ ಆಚಾರ್ರೇ, ಹೆದರಿಕೆನಾ? ರೆಕ್ಕೆ ಮೇಲೆ ಮರಳುಮೂಟೆ ಹೇರಿ ಪರೀಕ್ಷೆ ಮಾಡಿದ್ವಲ್ಲ.”

“ಅವತ್ತೇ ಸಾರ್, ಎಡಗಡೆ ರೆಕ್ಕೆ ಒಳಗಿನ ತೊಲೆ ಟಕ್ ಅಂತು. ಬಿಚ್ಚಿ ನೋಡ್ಬೇಕಿತ್ತು. ನಿಮ್ಮ ಖುಷಿ ನೋಡಿ ಹೇಳೋಕೆ ಬಾಯಿ ಬರ್ಲಿಲ್ಲ.”

ಯಜಮಾನರು ಎಡಗಡೆ ರೆಕ್ಕೆಯತ್ತ ತಿರುಗಿ ನೋಡಿದರು.

“ನನಗೂ ಕೇಳಿಸಿತ್ತು. ಮರ ಬಲ್ಲೋರು ನೀವೇ ಸುಮ್ನಿದ್ರಲ್ಲ, ನನ್ನ ಭ್ರಮೆ ಅಂದ್ಕೊಂಡೆ.”